ಜೋಶುವಾ ಸ್ಲೋಕಮ್

ಜೋಶುವಾ ಸ್ಲೋಕಮ್ (ಜನನ: 20 ಫೆಬ್ರವರಿ 1844, 1909ರ ನವೆಂಬರ್‌ನಲ್ಲಿ ಸಮುದ್ರದಲ್ಲಿ ಕಣ್ಮರೆ) ಇಂದಿನ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹುಟ್ಟಿ, ಅಮೆರಿಕದ ಪೌರತ್ವ ಪಡೆದ ನಾವಿಕರು, ಹಡಗು ನಿರ್ಮಾಪಕರು ಮತ್ತು ಲೇಖಕರು. ಹಾಯಿದೋಣಿಯಲ್ಲಿ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲ ವ್ಯಕ್ತಿ ಎಂದು ಇವರು ಪ್ರಸಿದ್ಧರಾಗಿದ್ದಾರೆ. 'ಸ್ಪ್ರೇ' ಎಂಬ ಸುಮಾರು 37 ಅಡಿ ಉದ್ದದ ದೋಣಿಯಲ್ಲಿ 1895ರ ಏಪ್ರಿಲ್ 24ರಂದು ಬಾಸ್ಟನ್ನಿನಿಂದ ಹೊರಟ ಇವರು, 46,000 ಮೈಲುಗಳಿಗೂ ಹೆಚ್ಚು ದೂರ ಕ್ರಮಿಸಿ 1898ರ ಜೂನ್ 27ರಂದು ಅಮೆರಿಕದ ನ್ಯೂಪೋರ್ಟ್ ಬಂದರನ್ನು ತಲುಪಿದರು. ಈ ಪ್ರಯಾಣವನ್ನು ಕುರಿತು ಇವರು ಬರೆದ 'ಸೈಲಿಂಗ್ ಅಲೋನ್ ಅರೌಂಡ್ ದ ವರ್ಲ್ಡ್' ಎಂಬ ಕೃತಿ 1900ರಲ್ಲಿ ಪ್ರಕಟವಾಯಿತು. ನಡುಸಮುದ್ರದಲ್ಲಿ ಒಬ್ಬನೇ ಮನುಷ್ಯ ಹೇಗೆ ಉಣ್ಣುತ್ತಾನೆ, ಹೇಗೆ ಮಲಗುತ್ತಾನೆ, ದಾರಿಯನ್ನು ಹೇಗೆ ಕಂಡುಕೊಳ್ಳುತ್ತಾನೆ, ಒಂಟಿತನವನ್ನು ಹೇಗೆ ಸಹಿಸುತ್ತಾನೆ ಎಂಬುದನ್ನು ತಿಳಿಸುವ ಮೊದಲ ವಿಸ್ತೃತ ದಾಖಲೆಗಳಲ್ಲಿ ಈ ಕೃತಿಯೂ ಒಂದು.

ಜನನ ಮತ್ತು ಬಾಲ್ಯ

ಸ್ಲೋಕಮ್ ನೋವಾ ಸ್ಕೋಶಿಯಾದ ಅನಾಪೊಲಿಸ್ ಪ್ರಾಂತದ ಮೌಂಟ್ ಹ್ಯಾನ್ಲಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಜಾನ್, ತಾಯಿ ಸಾರಾ ಜೇನ್. ಹನ್ನೊಂದು ಮಕ್ಕಳಲ್ಲಿ ಇವರು ಐದನೆಯವರು. ಮನೆತನದ ಹೆಸರನ್ನು ಮೊದಲು 'ಸ್ಲೋಕಂಬ್' ಎಂದು ಬರೆಯುತ್ತಿದ್ದರು. ಮುಂದೆ ಜೋಶುವಾ ಅದನ್ನು 'ಸ್ಲೋಕಮ್' ಎಂದು ಬದಲಿಸಿಕೊಂಡರು. ಇವರಿಗೆ ಎಂಟು ವರ್ಷವಾಗಿದ್ದಾಗ ಕುಟುಂಬವು ಬೇಸಾಯವನ್ನು ಬಿಟ್ಟು ಫಂಡಿ ಕೊಲ್ಲಿಯ ಬಾಯಲ್ಲಿರುವ ಬ್ರಯರ್ ದ್ವೀಪಕ್ಕೆ ಬಂದು ನೆಲೆಸಿತು. ತಾಯಿಯ ತಂದೆ ಅಲ್ಲಿನ ದೀಪಸ್ತಂಭದ ಕಾವಲುಗಾರರಾಗಿದ್ದರು.

ತಂದೆ ಮೀನುಗಾರರಿಗೆ ಚರ್ಮದ ಬೂಟುಗಳನ್ನು ತಯಾರಿಸಿ ಕೊಡುವ ಅಂಗಡಿಯನ್ನು ತೆರೆದರು. ಹತ್ತನೆಯ ವಯಸ್ಸಿನಲ್ಲಿಯೇ ಜೋಶುವಾ ಶಾಲೆಯನ್ನು ಬಿಟ್ಟು ಆ ಅಂಗಡಿಯಲ್ಲಿ ದುಡಿಯಬೇಕಾಯಿತು. ಹುಡುಗನ ಮನಸ್ಸು ಮಾತ್ರ ಕಿಟಕಿಯಾಚೆಯ ಹಡಗುಗಳ ಮೇಲಿತ್ತು. ಕದ್ದುಮುಚ್ಚಿ ತಯಾರಿಸುತ್ತಿದ್ದ ಪುಟ್ಟ ಹಡಗಿನ ಮಾದರಿಯೊಂದನ್ನು ತಂದೆ ಕಂಡು ಒಡೆದುಹಾಕಿದರೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆಬಿಟ್ಟು ಓಡಿಹೋಗಿ ಮೀನುಗಾರಿಕೆಯ ಹಡಗೊಂದರಲ್ಲಿ ಅಡುಗೆಯವನಾಗಿ ಸೇರಿದರು. ಹೆಚ್ಚು ಕಾಲ ಅಲ್ಲಿ ಉಳಿಯದೆ ಮನೆಗೆ ಮರಳಿದರು. 1860ರಲ್ಲಿ ತಾಯಿ ತೀರಿಕೊಂಡ ನಂತರ, ಹದಿನಾರನೆಯ ವಯಸ್ಸಿನಲ್ಲಿ, ಶಾಶ್ವತವಾಗಿ ಮನೆಯನ್ನು ತೊರೆದು ಸಾಮಾನ್ಯ ನಾವಿಕನಾಗಿ ಸಮುದ್ರಕ್ಕಿಳಿದರು.

ನಾವಿಕ ವೃತ್ತಿ

ಮರದ ದಿಮ್ಮಿಗಳನ್ನು ಸಾಗಿಸುವ ಹಡಗಿನಲ್ಲಿ ಐರ್ಲೆಂಡಿನ ಡಬ್ಲಿನ್ನಿಗೂ, ಅಲ್ಲಿಂದ ಲಿವರ್‌ಪೂಲ್‌ಗೂ ಬಂದ ಸ್ಲೋಕಮ್, ನಮ್ಮ ತಂಜಾವೂರಿನ ಹೆಸರನ್ನು ಹೊತ್ತಿದ್ದ 'ಟ್ಯಾಂಜೋರ್' ಎಂಬ ಬ್ರಿಟಿಷ್ ವಾಣಿಜ್ಯ ಹಡಗನ್ನು ಸೇರಿ ಚೀನಾದೆಡೆಗೆ ಪಯಣಿಸಿದರು. ಬಿಡುವಿನ ವೇಳೆಯಲ್ಲಿ ನೌಕಾಯಾನದ ಗಣಿತವನ್ನು ಸ್ವತಃ ಅಭ್ಯಾಸ ಮಾಡಿ, ಹದಿನೆಂಟನೆಯ ವಯಸ್ಸಿಗೆ ಅಧಿಕಾರಿಯಾಗುವ ಅರ್ಹತೆ ಗಳಿಸಿದರು. ಹಾರ್ನ್ ಭೂಶಿರವನ್ನು ಹಲವು ಬಾರಿ ಸುತ್ತಿದ ಬಳಿಕ 1865ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನೆಲೆಸಿ ಅಮೆರಿಕದ ಪೌರರಾದರು. ಕೆಲಕಾಲ ಸಾಮನ್ ಮೀನು ಹಿಡಿಯುವ ಹಾಗೂ ತುಪ್ಪಳದ ವ್ಯಾಪಾರ ಮಾಡುವ ಉದ್ಯೋಗದಲ್ಲಿದ್ದು, ಇಪ್ಪತ್ತೈದನೆಯ ವಯಸ್ಸಿನ ಹೊತ್ತಿಗೆ ಹಡಗಿನ ಕಪ್ತಾನರಾದರು.

1871ರ ಜನವರಿ 31ರಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವರ್ಜೀನಿಯಾ ಆಲ್ಬರ್ಟಿನಾ ವಾಕರ್ ಅವರನ್ನು ವಿವಾಹವಾದರು. ಅಂದಿನಿಂದ ವರ್ಜೀನಿಯಾ ಪತಿಯೊಡನೆ ಹಡಗಿನಲ್ಲಿಯೇ ಸಂಸಾರ ಹೂಡಿದರು. ಹುಟ್ಟಿದ ಏಳು ಮಕ್ಕಳಲ್ಲಿ ವಿಕ್ಟರ್, ಬೆಂಜಮಿನ್, ಜೆಸ್ಸಿ, ಗಾರ್ಫೀಲ್ಡ್ ಎಂಬ ನಾಲ್ವರು ಉಳಿದುಕೊಂಡರು. ಮದುವೆಯ ವರ್ಷವೇ ಅಲಾಸ್ಕಾದ ಕುಕ್ ಇನ್ಲೆಟ್ ಎಂಬಲ್ಲಿ 'ವಾಷಿಂಗ್ಟನ್' ಹಡಗು ಬಿರುಗಾಳಿಗೆ ದಡ ಹತ್ತಿ ಒಡೆದುಹೋಯಿತು. ಆದರೂ ಸ್ಲೋಕಮ್ ಪತ್ನಿಯನ್ನೂ ಸಿಬ್ಬಂದಿಯನ್ನೂ ಸರಕಿನ ಬಹುಭಾಗವನ್ನೂ ಸುರಕ್ಷಿತವಾಗಿ ಹಿಂದಕ್ಕೆ ತಂದರು. ಮುಂದಿನ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಅನೇಕ ಬಂದರುಗಳ ನಡುವೆ ಸರಕು ಸಾಗಿಸಿದರು; ಫಿಲಿಪೀನ್ಸ್‌ನಲ್ಲಿ ಹಡಗು ಕಟ್ಟುವ ಕೆಲಸವನ್ನೂ ಮಾಡಿದರು. 1882ರಲ್ಲಿ 'ನಾರ್ದರ್ನ್ ಲೈಟ್' ಎಂಬ ಭವ್ಯ ಹಾಯಿಹಡಗಿನ ಕಪ್ತಾನರೂ ಪಾಲುದಾರರೂ ಆದದ್ದು ಇವರ ವೃತ್ತಿಜೀವನದ ಶಿಖರ.

ಆದರೆ ಹಾಯಿಹಡಗುಗಳ ಕಾಲ ಮುಗಿಯುತ್ತ ಬಂದಿತ್ತು. ಉಗಿಹಡಗುಗಳು ಹೆಚ್ಚು ವೇಗವಾಗಿ, ಹೇಳಿದ ದಿನಕ್ಕೆ ಸರಕನ್ನು ಮುಟ್ಟಿಸತೊಡಗಿದ್ದವು. 1884ರಲ್ಲಿ ಸ್ಲೋಕಮ್ 'ಅಕ್ವಿಡ್ನೆಕ್' ಎಂಬ ಚಿಕ್ಕ ಹಡಗನ್ನು ಕೊಂಡರು. ಅದೇ ವರ್ಷ ಜುಲೈ 25ರಂದು, ಹಡಗು ಬ್ಯೂನಸ್ ಐರಿಸ್ ಬಳಿ ಇದ್ದಾಗ, ವರ್ಜೀನಿಯಾ 34ನೆಯ ವಯಸ್ಸಿನಲ್ಲಿ ನಿಧನರಾದರು. ಹದಿಮೂರು ವರ್ಷ ಪ್ರತಿಯೊಂದು ಹಡಗಿನಲ್ಲಿಯೂ ಜೊತೆಗಿದ್ದ ಸಂಗಾತಿಯ ಸಾವು ಸ್ಲೋಕಮ್‌ರ ಬಾಳಿನ ದೊಡ್ಡ ಆಘಾತವಾಯಿತು. 1886ರಲ್ಲಿ ಬಂಧುವಾದ ಹೆನ್ರಿಯೆಟಾ ಎಲಿಯಟ್ ಅವರನ್ನು ಮದುವೆಯಾದರು. ಮರುವರ್ಷ ಬ್ರೆಜಿಲ್‌ನಲ್ಲಿ ನಾವಿಕರ ದಂಗೆಯನ್ನು ಎದುರಿಸುವಾಗ ಇವರ ಗುಂಡಿಗೆ ಒಬ್ಬನು ಬಲಿಯಾದನು. ನ್ಯಾಯಾಲಯವು ಆತ್ಮರಕ್ಷಣೆಯೆಂದು ಪರಿಗಣಿಸಿ ಇವರನ್ನು ಬಿಡುಗಡೆ ಮಾಡಿತು. ವರ್ಷಾಂತ್ಯದಲ್ಲಿ ಅಕ್ವಿಡ್ನೆಕ್ ಪರನಗ್ವಾ ಕೊಲ್ಲಿಯ ಮರಳುದಿಬ್ಬಕ್ಕೆ ಸಿಕ್ಕಿ ನಾಶವಾಯಿತು.

ಪರದೇಶದಲ್ಲಿ ಹಡಗನ್ನು ಕಳೆದುಕೊಂಡ ಸ್ಲೋಕಮ್, ಉಳಿದ ಸಾಮಗ್ರಿಯನ್ನೂ ಸ್ಥಳೀಯ ಮರವನ್ನೂ ಬಳಸಿ 35 ಅಡಿ ಉದ್ದದ ದೋಣಿಯೊಂದನ್ನು ಕಟ್ಟಿದರು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದ 1888ರ ಮೇ 13ರಂದೇ ಅದನ್ನು ನೀರಿಗಿಳಿಸಿದ್ದರಿಂದ, ಸ್ವಾತಂತ್ರ್ಯ ಎಂಬ ಅರ್ಥದ 'ಲಿಬರ್ದಾದೆ' ಎಂಬ ಹೆಸರನ್ನಿಟ್ಟರು. ಪತ್ನಿ ಮತ್ತು ಇಬ್ಬರು ಗಂಡುಮಕ್ಕಳೊಡನೆ ಅದರಲ್ಲಿ ಹೊರಟು, 55 ದಿನಗಳ ಯಾನದಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ತೀರವನ್ನು ಸೇರಿದರು. ಸಣ್ಣ ದೋಣಿಯೂ ಮಹಾಸಾಗರವನ್ನು ದಾಟಬಲ್ಲದೆಂಬ ವಿಶ್ವಾಸ ಇವರಲ್ಲಿ ಬೇರೂರಿದ್ದು ಈ ಯಾನದಿಂದ.

ಸ್ಪ್ರೇ ದೋಣಿಯ ಪುನರ್ನಿರ್ಮಾಣ

ಊರಿಗೆ ಮರಳಿದ ಕಪ್ತಾನರಿಗೆ ಕೆಲಸವಿರಲಿಲ್ಲ. 1892ರಲ್ಲಿ ಎಬೆನ್ ಪಿಯರ್ಸ್ ಎಂಬ ಪರಿಚಿತ ಕಪ್ತಾನರು ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್‌ನಲ್ಲಿ ತಮ್ಮದೊಂದು ಹಡಗಿದೆ, ಅದನ್ನು ಕೊಡುವೆನೆಂದರು. ಹೋಗಿ ನೋಡಿದರೆ ಅದು ಸಮುದ್ರದಿಂದ ದೂರ, ಹುಲ್ಲುಗಾವಲಿನಲ್ಲಿ ಊರುಗೋಲುಗಳ ಮೇಲೆ ನಿಂತಿದ್ದ ಹಳೆಯ, ಶಿಥಿಲವಾದ ಸ್ಪ್ರೇ ಎಂಬ ದೋಣಿ. ಊರವರು ಅದನ್ನು ಒಡೆದುಹಾಕಲು ಬಂದಿರಬೇಕೆಂದು ಭಾವಿಸಿದ್ದರು. ಸ್ಲೋಕಮ್ ಅದನ್ನು ಹೊಸದಾಗಿ ಕಟ್ಟಲು ನಿರ್ಧರಿಸಿದರು.

ಹತ್ತಿರದ ಓಕ್ ಮರವನ್ನು ಕಡಿದು ಅಡಿಮರ ಮಾಡಿದರು. ಹಳೆಯ ಒಂದೊಂದೇ ಪಕ್ಕೆಮರವನ್ನು ತೆಗೆದು ಅದೇ ಜಾಗಕ್ಕೆ ಹೊಸದನ್ನು ಕೂಡಿಸಿದರು. ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಹೊದಿಸಿದರು. ಸುಮಾರು ಹದಿಮೂರು ತಿಂಗಳ ಈ ದುಡಿಮೆಗೆ ಸಾಮಗ್ರಿಯ ವೆಚ್ಚ 553 ಡಾಲರ್ 62 ಸೆಂಟ್ ಆಯಿತು. ಹೊಸ ಸ್ಪ್ರೇಯ ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ಹಿಂಭಾಗದಲ್ಲಿ ವಾಸದ ಕೋಣೆ, ಮುಂಭಾಗದಲ್ಲಿ ಚಿಕ್ಕ ಅಡುಗೆಕೋಣೆ, ಇವೆರಡರ ನಡುವೆ ನೀರು, ದಿನಸಿ, ಹಗ್ಗ, ಹಾಯಿಗಳನ್ನು ತಿಂಗಳುಗಟ್ಟಲೆಗೆ ಸಾಕಾಗುವಷ್ಟು ತುಂಬಿಡುವ ಉಗ್ರಾಣ. ಅಗಲವಾದ ಒಡಲು ಮತ್ತು ಉದ್ದನೆಯ ಅಡಿಮರಗಳ ಈ ರಚನೆಯೇ ಮುಂದಿನ ಮೂರು ವರ್ಷ ಸ್ಲೋಕಮ್‌ರ ಜೀವವನ್ನು ಕಾಪಾಡಿತು.

ಭೂಪ್ರದಕ್ಷಿಣೆಯ ಮಾರ್ಗ

1895ರ ಏಪ್ರಿಲ್ 24ರಂದು ಬಾಸ್ಟನ್ನಿನಿಂದ ಹೊರಟಾಗ ಸ್ಲೋಕಮ್‌ರಿಗೆ 51 ವರ್ಷ. ಬಾಲ್ಯದ ಬ್ರಯರ್ ದ್ವೀಪದಲ್ಲಿ ತಂಗಿ, ಜುಲೈ 2ರಂದು ನೋವಾ ಸ್ಕೋಶಿಯಾದ ಯಾರ್ಮತ್ ಬಂದರಿನಿಂದ ಅಟ್ಲಾಂಟಿಕ್ ಸಾಗರಕ್ಕಿಳಿದು, ಅಜೋರ್ಸ್ ದ್ವೀಪಗಳ ಮೂಲಕ ಜಿಬ್ರಾಲ್ಟರ್ ತಲುಪಿದರು. ಸೂಯೆಜ್ ಮಾರ್ಗವಾಗಿ ಪೂರ್ವಾಭಿಮುಖವಾಗಿ ಸಾಗುವುದು ಮೂಲ ಉದ್ದೇಶವಾಗಿತ್ತು. ಆ ದಾರಿಯಲ್ಲಿ ಕಡಲ್ಗಳ್ಳರ ಕಾಟವಿದೆಯೆಂದು ಬ್ರಿಟಿಷ್ ನೌಕಾಧಿಕಾರಿಗಳು ಎಚ್ಚರಿಸಿದ್ದರಿಂದ ದಿಕ್ಕನ್ನೇ ಬದಲಿಸಿ, ಅಟ್ಲಾಂಟಿಕನ್ನು ಮರಳಿ ದಾಟಿ ಪಶ್ಚಿಮಾಭಿಮುಖವಾಗಿ ಹೊರಟರು. ಮೊರಾಕೊ ತೀರದಲ್ಲಿ ಕಡಲ್ಗಳ್ಳರ ದೋಣಿಯೊಂದು ಬೆನ್ನಟ್ಟಿತಾದರೂ ಬಿರುಗಾಳಿಗೆ ಅದರ ಹಾಯಿಕಂಬ ಮುರಿದುಬಿದ್ದು ಸ್ಲೋಕಮ್ ಪಾರಾದರು.

ಬ್ರೆಜಿಲ್ ಮತ್ತು ಅರ್ಜೆಂಟೀನಾ ತೀರಗಳ ಗುಂಟ ಇಳಿದು 1896ರ ಫೆಬ್ರವರಿಯಲ್ಲಿ ಮೆಗೆಲನ್ ಜಲಸಂಧಿಯನ್ನು ಪ್ರವೇಶಿಸಿದರು. ಒಮ್ಮೆ ಪೆಸಿಫಿಕ್ ಸಾಗರವನ್ನು ಮುಟ್ಟಿದರೂ ಬಿರುಗಾಳಿಯು ದೋಣಿಯನ್ನು ಹಾರ್ನ್ ಭೂಶಿರದ ಕಡೆಗೆ ತಳ್ಳಿದ್ದರಿಂದ ಜಲಸಂಧಿಯನ್ನು ಎರಡನೆಯ ಬಾರಿ ದಾಟಬೇಕಾಯಿತು. ಏಪ್ರಿಲ್ 13ರಂದು ಕೊನೆಗೂ ಅದರಿಂದ ಹೊರಬಿದ್ದು, ಹ್ವಾನ್ ಫೆರ್ನಾಂಡಿಸ್ ದ್ವೀಪ, ಸಮೋವ, ಆಸ್ಟ್ರೇಲಿಯಾ, ಟಾಸ್ಮೇನಿಯಾ, ಕೀಲಿಂಗ್ ದ್ವೀಪಗಳು, ರೋಡ್ರಿಗಸ್, ಮಾರಿಷಸ್‌ಗಳನ್ನು ಹಾದು 1897ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ಸೇರಿದರು. ಪ್ರಿಟೋರಿಯಾದಲ್ಲಿ ಭೇಟಿಯಾದ ಅಧ್ಯಕ್ಷ ಪಾಲ್ ಕ್ರೂಗರ್ ಭೂಮಿ ಚಪ್ಪಟೆಯೆಂದು ನಂಬಿದ್ದವರು. ಭೂಮಿಯನ್ನು ಸುತ್ತಲು ಹೊರಟ ನಾವಿಕರ ಮಾತನ್ನು ಅವರು ಒಪ್ಪಲಿಲ್ಲ. ಅಲ್ಲಿಂದ ಸೇಂಟ್ ಹೆಲೆನಾ, ಅಸೆನ್ಷನ್ ಮತ್ತು ವೆಸ್ಟ್ ಇಂಡೀಸ್ ದ್ವೀಪಗಳ ಮೂಲಕ ಸ್ಪ್ರೇ ತಾಯ್ನಾಡಿಗೆ ಮರಳಿತು.

ನಡುಸಮುದ್ರದ ದಿನಚರಿ

ಚುಕ್ಕಾಣಿ ಮತ್ತು ನಿದ್ರೆ: ಒಬ್ಬನೇ ನಾವಿಕನು ದಿನದ ಇಪ್ಪತ್ನಾಲ್ಕು ಗಂಟೆಯೂ ಚುಕ್ಕಾಣಿ ಹಿಡಿದು ಕೂರಲಾರನು. ಸ್ಲೋಕಮ್‌ರ ಯಾನವನ್ನು ಸಾಧ್ಯವಾಗಿಸಿದ್ದು ಸ್ಪ್ರೇ ತನ್ನಷ್ಟಕ್ಕೆ ತಾನೇ ದಾರಿ ಹಿಡಿಯುತ್ತಿದ್ದ ಗುಣ. ಗಾಳಿಯ ದಿಕ್ಕಿಗೆ ತಕ್ಕಂತೆ ಹಾಯಿಗಳನ್ನು ಹೊಂದಿಸಿ, ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದರೆ, ದೋಣಿ ಎಡಕ್ಕಾಗಲಿ ಬಲಕ್ಕಾಗಲಿ ವಾಲದೆ ಮುಂದುವರಿಯುತ್ತಿತ್ತು. ದಾರಿ ತಪ್ಪಿ ತಿರುಗಿದರೆ ಹಾಯಿಗಳ ಮೇಲಿನ ಗಾಳಿಯ ಒತ್ತಡ ಬದಲಾಗಿ ಮತ್ತೆ ಮೊದಲಿನ ದಿಕ್ಕಿಗೆ ಬರುತ್ತಿತ್ತು. ಆಸ್ಟ್ರೇಲಿಯಾದ ಉತ್ತರಕ್ಕಿರುವ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗಿನ ಸುಮಾರು 2,700 ಮೈಲುಗಳ 23 ದಿನಗಳ ಯಾನದಲ್ಲಿ ಇವರು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರೇ ಗಂಟೆ. ಬಂದರಿನೊಳಗೆ ಹೋಗುವ ಸಮಯವೂ ಅದರಲ್ಲಿ ಸೇರಿದೆ.

ಹೀಗಾಗಿ ರಾತ್ರಿ ಕೋಣೆಯಲ್ಲಿ ಮಲಗುವುದು ಸಾಧ್ಯವಾಯಿತು. ಅಲೆಯ ಸದ್ದಿನಲ್ಲಿಯೋ ದೋಣಿಯ ಓಲಾಟದಲ್ಲಿಯೋ ವ್ಯತ್ಯಾಸವಾದರೆ ಎಚ್ಚರಗೊಳ್ಳುವ ಅಭ್ಯಾಸ ಇವರಿಗೆ ದೀರ್ಘಕಾಲದ ವೃತ್ತಿಯಿಂದ ಬಂದಿತ್ತು. ಪೆಸಿಫಿಕ್ ಸಾಗರದಲ್ಲಿ ವಾಣಿಜ್ಯ ಮಾರುತವು ವಾರಗಟ್ಟಲೆ ಒಂದೇ ಸಮನೆ ಬೀಸುತ್ತಿದ್ದಾಗ, ಬೆಳಿಗ್ಗೆ ಸೂರ್ಯನು ದೋಣಿಯ ಹಿಂದೆ ಹುಟ್ಟಿ ಸಂಜೆ ಮುಂದೆ ಮುಳುಗುತ್ತಿದ್ದನು; ರಾತ್ರಿ ದಕ್ಷಿಣ ಶಿಲುಬೆಯ ನಕ್ಷತ್ರಗಳು ಪಕ್ಕದಲ್ಲಿ ಕಾಣುತ್ತಿದ್ದವು. ದಿಕ್ಸೂಚಿಗಿಂತ ಇವನ್ನೇ ತಾವು ನೆಚ್ಚಿದ್ದಾಗಿ ಸ್ಲೋಕಮ್ ಬರೆದಿದ್ದಾರೆ.

ಆಹಾರ: ತವರದ ಡಬ್ಬಗಳಲ್ಲಿ ಬೆಸುಗೆ ಹಾಕಿಟ್ಟ ಗಟ್ಟಿ ಬಿಸ್ಕತ್ತು, ಉಪ್ಪು ಹಚ್ಚಿದ ಮೀನು, ಆಲೂಗಡ್ಡೆ, ಈರುಳ್ಳಿ, ಬೆಣ್ಣೆ, ಕಾಫಿ ಮತ್ತು ಚಹಾ ಸ್ಪ್ರೇಯ ಮುಖ್ಯ ದಿನಸಿಗಳು. ಉಷ್ಣವಲಯದಲ್ಲಿ ರಾತ್ರಿ ಹಾರುಮೀನುಗಳು ಹಾಯಿಗೆ ಬಡಿದು ಡೆಕ್ಕಿನ ಮೇಲೆ ಬೀಳುತ್ತಿದ್ದವು. ಬೆಳಿಗ್ಗೆ ಅವನ್ನು ಆಯ್ದುಕೊಂಡರೆ ಉಪಾಹಾರ ಸಿದ್ಧ. ಮೊರಾಕೊ ತೀರ ದಾಟಿದ ನಂತರ ಕಡಲಾಮೆಯೊಂದು ಸಿಕ್ಕಿ, ಅದರ ಮಾಂಸದ ಜೊತೆಗೆ ಹುರಿದ ಆಲೂಗಡ್ಡೆ, ಬೇಯಿಸಿದ ಈರುಳ್ಳಿಗಳ ಔತಣವೇ ನಡೆಯಿತು.

ಎಲ್ಲ ದಿನಗಳೂ ಹೀಗಿರಲಿಲ್ಲ. ಅಜೋರ್ಸ್ ಬಿಟ್ಟ ಮೇಲೆ, ಅಲ್ಲಿನ ಜನ ಪ್ರೀತಿಯಿಂದ ಕೊಟ್ಟಿದ್ದ ಪ್ಲಮ್ ಹಣ್ಣು ಮತ್ತು ಗಿಣ್ಣನ್ನು ಒಟ್ಟಿಗೆ ತಿಂದು ತೀವ್ರ ಹೊಟ್ಟೆನೋವಿನಿಂದ ಕೋಣೆಯ ನೆಲದ ಮೇಲೆ ಬಿದ್ದುಕೊಂಡರು. ಹೊರಗೆ ಬಿರುಗಾಳಿ. ಜ್ವರದ ಮಂಪರಿನಲ್ಲಿ, ಎತ್ತರದ ವ್ಯಕ್ತಿಯೊಬ್ಬ ಚುಕ್ಕಾಣಿ ಹಿಡಿದಂತೆಯೂ, ತಾನು ಕೊಲಂಬಸನ 'ಪಿಂಟಾ' ಹಡಗಿನ ನಾವಿಕನೆಂದು ಹೇಳಿದಂತೆಯೂ ಕಂಡಿತು. ಎಚ್ಚರವಾದಾಗ ಸ್ಪ್ರೇ ಹಿಂದಿನ ದಿನ ಬಿಟ್ಟ ದಿಕ್ಕಿನಲ್ಲಿಯೇ ಸಾಗಿ 90 ಮೈಲು ಕ್ರಮಿಸಿತ್ತು. ದೋಣಿ ತಾನೇ ದಾರಿ ಹಿಡಿಯುವ ಗುಣವು ಕಾಯಿಲೆಬಿದ್ದ ಒಂಟಿ ನಾವಿಕನ ಪಾಲಿಗೆ ಎಷ್ಟು ದೊಡ್ಡ ರಕ್ಷೆಯೆಂಬುದು ಇದರಿಂದ ತಿಳಿಯುತ್ತದೆ.

ಸ್ನಾನ, ಬಟ್ಟೆ ಮತ್ತು ದುರಸ್ತಿ: ದಡಕ್ಕೆ ಹೋಗಿಬರಲು ಪೂರ್ಣ ಗಾತ್ರದ ಸಣ್ಣದೋಣಿಯನ್ನಿಡಲು ಜಾಗವಿರಲಿಲ್ಲ. ಆದ್ದರಿಂದ ಗ್ಲೌಸೆಸ್ಟರ್ ಬಂದರಿನಲ್ಲಿ ಸಿಕ್ಕಿದ ಹಳೆಯ ಮೀನುದೋಣಿಯೊಂದನ್ನು ಅಡ್ಡಲಾಗಿ ಕೊಯ್ದು, ತೆರೆದ ತುದಿಗೆ ಹಲಗೆ ಬಡಿದು ಅರ್ಧದೋಣಿ ಮಾಡಿಕೊಂಡರು. ಅದೇ ಬಟ್ಟೆ ಒಗೆಯುವ ತೊಟ್ಟಿ, ಅದೇ ಸ್ನಾನದ ತೊಟ್ಟಿ. ಹರಿದ ಹಾಯಿಗೆ ತೇಪೆ ಹಾಕುವುದು, ಸವೆದ ಹಗ್ಗಗಳನ್ನು ಹೆಣೆಯುವುದು, ಬಟ್ಟೆ ಹೊಲಿಯುವುದು ದಿನನಿತ್ಯದ ಕೆಲಸಗಳಾಗಿದ್ದವು. ಬ್ಯೂನಸ್ ಐರಿಸ್‌ನಲ್ಲಿ ಹಾಯಿಕಂಬವನ್ನು ಏಳು ಅಡಿ ಕಡಿಮೆ ಮಾಡಿದರು. ಮೆಗೆಲನ್ ಜಲಸಂಧಿಯಲ್ಲಿದ್ದಾಗ ಹಿಂಭಾಗಕ್ಕೆ ಮತ್ತೊಂದು ಚಿಕ್ಕ ಹಾಯಿಯನ್ನು ಸೇರಿಸಿದರು. ಕೆಲಸವಿಲ್ಲದ ಸಮಯವನ್ನು ಓದಿನಲ್ಲಿ ಕಳೆಯುತ್ತಿದ್ದರು. ದೋಣಿಯಲ್ಲಿ ಒಳ್ಳೆಯ ಪುಸ್ತಕಸಂಗ್ರಹವಿತ್ತು.

ದಾರಿ ಕಾಣುವ ಬಗೆ: ನಡುಸಮುದ್ರದಲ್ಲಿ ಪೂರ್ವ-ಪಶ್ಚಿಮ ಸ್ಥಾನವನ್ನು, ಅಂದರೆ ರೇಖಾಂಶವನ್ನು, ತಿಳಿಯಲು ಗ್ರೀನಿಚ್ ಸಮಯವನ್ನು ನಿಖರವಾಗಿ ತೋರುವ ಕ್ರೋನೋಮೀಟರ್ ಗಡಿಯಾರ ಬೇಕು. ಸ್ಲೋಕಮ್‌ರ ಹಳೆಯ ಕ್ರೋನೋಮೀಟರನ್ನು ಸರಿಪಡಿಸಲು 15 ಡಾಲರ್ ತಗಲುತ್ತಿದ್ದುದರಿಂದ ಅದನ್ನು ಮನೆಯಲ್ಲಿಯೇ ಬಿಟ್ಟರು. ಬದಲಿಗೆ ಯಾರ್ಮತ್‌ನಲ್ಲಿ ಮುಖದ ಗಾಜು ಒಡೆದಿದ್ದ ತವರದ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡರು. ಮುಂದೆ ಅದರ ನಿಮಿಷದ ಮುಳ್ಳೂ ಕಳಚಿಹೋಯಿತು. ನಿಂತುಹೋದಾಗ ನೀರಿನಲ್ಲಿ ಕುದಿಸಿ ಮತ್ತೆ ನಡೆಸಿದರು. ಇವರು ಮುಖ್ಯವಾಗಿ ಅವಲಂಬಿಸಿದ್ದು ವೇಗ, ದಿಕ್ಕು, ಕಾಲಗಳಿಂದ ಸ್ಥಾನವನ್ನು ಅಂದಾಜು ಮಾಡುವ ಲೆಕ್ಕವನ್ನು. ಅಗತ್ಯವೆನಿಸಿದಾಗ ಚಂದ್ರನಿಗೂ ಸೂರ್ಯನಿಗೂ ನಡುವಣ ಕೋನವನ್ನು ಸೆಕ್ಸ್‌ಟೆಂಟಿನಿಂದ ಅಳೆದು ಗ್ರೀನಿಚ್ ಸಮಯವನ್ನು ಗಣಿಸುವ ಹಳೆಯ, ಕಠಿಣವಾದ ಪದ್ಧತಿಯನ್ನು ಅನುಸರಿಸಿದರು. ಪೆಸಿಫಿಕ್‌ನಲ್ಲಿ 43 ದಿನ ನೆಲವನ್ನೇ ಕಾಣದೆ ಸಾಗಿದ ಮೇಲೆ ಹೀಗೆ ಗಣಿಸಿದಾಗ ಉತ್ತರವು ನೂರಾರು ಮೈಲು ತಪ್ಪಿ ಬಂದಿತು. ತಮ್ಮ ಅಳತೆಯನ್ನು ಶಂಕಿಸದೆ ಕೋಷ್ಟಕವನ್ನೇ ಪರಿಶೀಲಿಸಿದ ಇವರಿಗೆ, ಅದರಲ್ಲಿಯೇ ಮುದ್ರಿತವಾಗಿದ್ದ ತಪ್ಪು ಅಂಕಿ ಸಿಕ್ಕಿತು. ಅದನ್ನು ತಿದ್ದಿದಾಗ ಲೆಕ್ಕ ಸರಿಹೋಯಿತು. ಮಾರ್ಕ್ವೆಸಾಸ್ ದ್ವೀಪಗಳಲ್ಲಿ ಒಂದಾದ ನುಕು ಹಿವ ಎಣಿಸಿದ ಕಡೆಯಲ್ಲಿಯೇ ಕಂಡಿತು. ಹತ್ತನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟವರು ಗಣಿತದಲ್ಲಿ ಗಳಿಸಿದ್ದ ಪ್ರಭುತ್ವ ಇಂಥದು. ಅಲ್ಲಿ ನಿಲ್ಲದೆ ಮುಂದುವರಿದು, 72 ದಿನಗಳ ಸತತ ಯಾನದ ನಂತರ ಸಮೋವದ ಅಪಿಯಾದಲ್ಲಿ ಲಂಗರು ಹಾಕಿದರು.

ಒಂಟಿತನ: ಯಾರ್ಮತ್ ಬಿಟ್ಟ ಮೊದಲ ದಿನಗಳಲ್ಲಿ ದಟ್ಟವಾದ ಮಂಜು ಕವಿದಾಗ ಒಂಟಿತನವು ಸ್ಲೋಕಮ್‌ರನ್ನು ತೀವ್ರವಾಗಿ ಕಾಡಿತು. ಮಾತನಾಡದಿದ್ದರೆ ದನಿಯೇ ಉಡುಗಿಹೋದೀತೆಂದು ಹಳೆಯ ಕಪ್ತಾನರ ಪದ್ಧತಿಯಂತೆ ಗಟ್ಟಿಯಾಗಿ ಆಜ್ಞೆಗಳನ್ನು ಕೂಗಿ ನೋಡಿದರು. ಕೋಣೆಯಿಂದಲೇ, ಇಲ್ಲದ ಚುಕ್ಕಾಣಿಗನನ್ನು ದೋಣಿ ಎತ್ತ ಸಾಗುತ್ತಿದೆಯೆಂದು ಕೇಳಿದರು. ಉತ್ತರ ಬಾರದೆ ಒಂಟಿತನವೇ ಹೆಚ್ಚಾಯಿತು. ಆ ಅಭ್ಯಾಸವನ್ನು ಬಿಟ್ಟು ಹಾಡತೊಡಗಿದರು. ದಿನಗಳು ಕಳೆದಂತೆ ಆ ಭಾವನೆ ತಾನಾಗಿಯೇ ಹಿಂದೆ ಸರಿಯಿತು.

ಬಾಸ್ಟನ್ನಿನಿಂದ ಜೊತೆಗೆ ಬಂದಿದ್ದ ಜೇಡವೊಂದರ ಸಂಗವೂ ಇವರಿಗೆ ಪ್ರಿಯವಾಗಿತ್ತು. ಸೇಂಟ್ ಹೆಲೆನಾದಲ್ಲಿ ಉಡುಗೊರೆಯಾಗಿ ಬಂದ ಆಡಿನ ಸಂಗ ಮಾತ್ರ ದುಬಾರಿಯಾಯಿತು. ಅದು ಹಗ್ಗಗಳನ್ನು ಜಗಿದು, ಟೋಪಿಯನ್ನು ತಿಂದು, ಕೊನೆಗೆ ವೆಸ್ಟ್ ಇಂಡೀಸ್‌ನ ನಕ್ಷೆಯನ್ನೇ ನುಂಗಿತು. ಅಸೆನ್ಷನ್ ದ್ವೀಪದಲ್ಲಿ ಅದನ್ನು ಇಳಿಸಿದರೂ, ಆ ಕಡಲನ್ನು ನಕ್ಷೆಯಿಲ್ಲದೆ ನೆನಪಿನ ಬಲದಿಂದ ದಾಟಬೇಕಾಯಿತು.

ಅಪಾಯಗಳು: ಅಷ್ಟು ಕಾಲ ಸಮುದ್ರದಲ್ಲಿ ಕಳೆದ ಸ್ಲೋಕಮ್‌ರಿಗೆ ಈಜು ಬರುತ್ತಿರಲಿಲ್ಲ. 1895ರ ಡಿಸೆಂಬರ್‌ನಲ್ಲಿ ಉರುಗ್ವೆ ತೀರದ ಮರಳಿನಲ್ಲಿ ಸ್ಪ್ರೇ ಹೂತುಕೊಂಡಾಗ ಲಂಗರನ್ನು ಸಣ್ಣದೋಣಿಯಲ್ಲಿ ಒಯ್ದು ದೂರದಲ್ಲಿ ಹಾಕಲು ಹೋದರು. ಆ ದೋಣಿ ಮಗುಚಿ ಮುಳುಗುವ ಸ್ಥಿತಿ ಬಂದರೂ, ಅದನ್ನೇ ಬಿಗಿಯಾಗಿ ಹಿಡಿದು ದಡ ಸೇರಿದರು. ಮೆಗೆಲನ್ ಜಲಸಂಧಿಯಲ್ಲಿ ರಾತ್ರಿ ದಾಳಿಯಾಗುವ ಭಯವಿತ್ತು. ಪುಂಟಾ ಅರೇನಾಸ್‌ನಲ್ಲಿ ಕಪ್ತಾನ ಸಾಂಬ್ಲಿಚ್ ಎಂಬ ಹಿತೈಷಿ ಕೊಟ್ಟಿದ್ದ ಒಂದು ಚೀಲ ಮೊಳೆಗಳನ್ನು ಮಲಗುವ ಮುನ್ನ ಡೆಕ್ಕಿನ ಮೇಲೆ ಹರಡಿದರು. ಬರಿಗಾಲಿನಲ್ಲಿ ಹತ್ತಿದವರು ಕಿರುಚುತ್ತ ನೀರಿಗೆ ಹಾರಿದರು. ಕಾವಲಿಗೆ ಇನ್ನೊಬ್ಬನಿಲ್ಲದ ಕೊರತೆಯನ್ನು ಮೊಳೆಗಳೇ ತುಂಬಿದವು.

ಜೀವನೋಪಾಯ: ಈ ಯಾನಕ್ಕೆ ಧನಸಹಾಯವೇನೂ ಇರಲಿಲ್ಲ. ಬಂದರುಗಳಲ್ಲಿ ಚಿತ್ರಗಳನ್ನು ತೋರಿಸಿ ಉಪನ್ಯಾಸ ನೀಡಿ, ದೋಣಿ ನೋಡಬಂದವರಿಂದ ಶುಲ್ಕ ಪಡೆದು ಖರ್ಚನ್ನು ತೂಗಿಸಿದರು. ಮೆಗೆಲನ್ ಪ್ರದೇಶದ ದಡದಲ್ಲಿ ಸಿಕ್ಕ ಪ್ರಾಣಿಕೊಬ್ಬಿನ ಪೀಪಾಯಿಗಳನ್ನು ತುಂಬಿಕೊಂಡು, ಹ್ವಾನ್ ಫೆರ್ನಾಂಡಿಸ್ ದ್ವೀಪದಲ್ಲಿ ಅದರಲ್ಲಿಯೇ ಕರಿದ ತಿಂಡಿ ಮಾಡುವುದನ್ನು ಜನರಿಗೆ ಕಲಿಸಿ, ಕೊಬ್ಬನ್ನು ಮಾರಿದರು.

ಮರಳುವಿಕೆ ಮತ್ತು ಕೃತಿರಚನೆ

1898ರ ಮೇ 8ರಂದು ಸ್ಪ್ರೇ ತಾನು ಹೋಗುವಾಗ ಸಾಗಿದ್ದ ಜಾಡನ್ನು ಅಟ್ಲಾಂಟಿಕ್‌ನಲ್ಲಿ ದಾಟಿತು. ಭೂಪ್ರದಕ್ಷಿಣೆ ಅಲ್ಲಿಗೆ ಪೂರ್ಣವಾಯಿತು. ಕೆಲದಿನಗಳ ನಂತರ ಎದುರಾದ 'ಒರೆಗಾನ್' ಯುದ್ಧನೌಕೆಯಿಂದ ಅಮೆರಿಕ ಮತ್ತು ಸ್ಪೇನ್ ನಡುವೆ ಯುದ್ಧ ಆರಂಭವಾಗಿರುವ ಸುದ್ದಿ ತಿಳಿಯಿತು. ಜೂನ್ 27ರ ನಡುರಾತ್ರಿಯ ಬಳಿಕ, ಸಿಡಿಗುಂಡುಗಳನ್ನು ಹುದುಗಿಸಿದ್ದ ನ್ಯೂಪೋರ್ಟ್ ಬಂದರನ್ನು ದಡದ ಬಂಡೆಗಳ ಮಗ್ಗುಲಲ್ಲಿಯೇ ಸಾಗಿ ಪ್ರವೇಶಿಸಿದರು. ಯುದ್ಧದ ಗದ್ದಲದಲ್ಲಿ ಈ ಸಾಧನೆಗೆ ತಕ್ಷಣ ಹೆಚ್ಚು ಗಮನ ದೊರೆಯಲಿಲ್ಲ. ಜುಲೈ 3ರಂದು ಫೇರ್‌ಹೇವನ್‌ಗೆ ಹೋಗಿ, ದೋಣಿಯನ್ನು ಮೊದಲು ನೀರಿಗಿಳಿಸಿದಾಗ ಕಟ್ಟಿದ್ದ ಅದೇ ಗೂಟಕ್ಕೆ ಕಟ್ಟಿದರು. ಹೊರಟಾಗ ಇದ್ದುದಕ್ಕಿಂತ ಇವರ ತೂಕ ಆಗ ಒಂದು ಪೌಂಡ್ ಹೆಚ್ಚಾಗಿತ್ತು.

ಯಾನದ ಕಥನವು 'ಸೆಂಚುರಿ' ಮಾಸಪತ್ರಿಕೆಯಲ್ಲಿ 1899-1900ರಲ್ಲಿ ಧಾರಾವಾಹಿಯಾಗಿ ಬಂದು, 1900ರಲ್ಲಿ ಪುಸ್ತಕವಾಯಿತು. ಸರಳವಾದ ನಿರೂಪಣೆ ಮತ್ತು ತಮ್ಮನ್ನೇ ನಗೆಗೀಡು ಮಾಡಿಕೊಳ್ಳುವ ಹಾಸ್ಯಪ್ರವೃತ್ತಿಯಿಂದ ಅದು ಜನಪ್ರಿಯವಾಯಿತು. ಇದಕ್ಕೂ ಮೊದಲು ಇವರು ಲಿಬರ್ದಾದೆಯ ಯಾನದ ಬಗ್ಗೆ 1890ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದ್ದರು.

ಕೊನೆಯ ವರ್ಷಗಳು ಮತ್ತು ಕಣ್ಮರೆ

ಪುಸ್ತಕದ ಗಳಿಕೆಯಿಂದ ಸ್ಲೋಕಮ್ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ವೆಸ್ಟ್ ಟಿಸ್‌ಬರಿಯಲ್ಲಿ ಜಮೀನನ್ನು ಕೊಂಡು ಬೇಸಾಯಗಾರರಾಗಲು ಯತ್ನಿಸಿದರು. ಮೂರು ವರ್ಷ ಒಂಟಿಯಾಗಿ ಸಾಗರದಲ್ಲಿ ನೆಮ್ಮದಿಯಿಂದ ಕಳೆದವರಿಗೆ ನೆಲದ ಬದುಕು ಹಿಡಿಸಲಿಲ್ಲ. ಹೆನ್ರಿಯೆಟಾ ದಡದಲ್ಲಿಯೇ ಉಳಿದರು; ಸ್ಲೋಕಮ್ ಚಳಿಗಾಲ ಬಂದರೆ ಸ್ಪ್ರೇಯಲ್ಲಿ ವೆಸ್ಟ್ ಇಂಡೀಸ್‌ನತ್ತ ಹೊರಟುಬಿಡುತ್ತಿದ್ದರು.

1906ರಲ್ಲಿ ನ್ಯೂ ಜರ್ಸಿಯ ರಿವರ್ಟನ್‌ನಲ್ಲಿ, ದೋಣಿ ನೋಡಲು ಬಂದ ಬಾಲಕಿಯೊಬ್ಬಳೊಂದಿಗೆ ಅಸಭ್ಯವಾಗಿ ನಡೆದುಕೊಂಡ ಆರೋಪದ ಮೇಲೆ ಇವರ ಬಂಧನವಾಯಿತು. ಮೊದಲು ಹೊರಿಸಿದ್ದ ಗಂಭೀರ ಆರೋಪವನ್ನು ಕಡಿಮೆ ಮಾಡಲಾಯಿತು. ಅದನ್ನು ಇವರು ನ್ಯಾಯಾಲಯದಲ್ಲಿ ವಿರೋಧಿಸಲಿಲ್ಲ. 42 ದಿನ ಸೆರೆಮನೆಯಲ್ಲಿದ್ದು ಬಿಡುಗಡೆಯಾದರು. ಇವರ ಕೀರ್ತಿಗೆ ಅಂಟಿದ ಈ ಕಳಂಕವನ್ನು ಜೀವನಚರಿತ್ರೆಗಳು ದಾಖಲಿಸಿವೆ.

1909ರ ನವೆಂಬರ್ 14ರಂದು, 65ನೆಯ ವಯಸ್ಸಿನಲ್ಲಿ, ದಕ್ಷಿಣ ಅಮೆರಿಕದ ಒರಿನೊಕೊ ಮತ್ತು ಅಮೆಜಾನ್ ನದಿಗಳನ್ನು ನೋಡುವ ಉದ್ದೇಶದಿಂದ ಸ್ಲೋಕಮ್ ವಿನ್‌ಯಾರ್ಡ್ ಹೇವನ್‌ನಿಂದ ಒಂಟಿಯಾಗಿ ಹೊರಟರೆಂದು ಹೇಳಲಾಗುತ್ತದೆ. ಆಮೇಲೆ ಇವರ ಸುದ್ದಿ ಬರಲಿಲ್ಲ. ದೋಣಿಯ ಅವಶೇಷವೂ ಸಿಗಲಿಲ್ಲ. ಉಗಿಹಡಗೊಂದು ರಾತ್ರಿ ಡಿಕ್ಕಿ ಹೊಡೆದಿರಬಹುದು, ಹಳತಾಗಿದ್ದ ದೋಣಿಯೇ ಒಡೆದಿರಬಹುದು ಎಂಬ ಊಹೆಗಳಿವೆ. 1924ರಲ್ಲಿ ಕಾನೂನಿನ ಪ್ರಕಾರ ಇವರು ಮೃತರಾದರೆಂದು ಘೋಷಿಸಲಾಯಿತು.

ಪ್ರಭಾವ ಮತ್ತು ಸ್ಮರಣೆ

ಸ್ಲೋಕಮ್‌ರ ನಂತರ ಏಕಾಂಗಿ ಸಾಗರಯಾನವು ಒಂದು ಪರಂಪರೆಯಾಗಿ ಬೆಳೆಯಿತು. ಸ್ಪ್ರೇಯ ಮಾದರಿಯಲ್ಲಿ ಅನೇಕ ದೋಣಿಗಳನ್ನು ಕಟ್ಟಲಾಯಿತು. ಫ್ರಾನ್ಸಿನ ಪ್ರಸಿದ್ಧ ನಾವಿಕ ಬರ್ನಾರ್ಡ್ ಮ್ವಾತೆಸಿಯೆ ತಮ್ಮ ದೋಣಿಗೆ 'ಜೋಶುವಾ' ಎಂದು ಹೆಸರಿಟ್ಟರು. 1968-69ರಲ್ಲಿ ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗರಾದ ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್‌ರ 'ಸುಹೇಲಿ' ದೋಣಿಯನ್ನು ಕಟ್ಟಿದ್ದು ಮುಂಬಯಿಯಲ್ಲಿ. ಭಾರತೀಯ ನೌಕಾಪಡೆಯ ದಿಲೀಪ್ ದೋಂದೆ 2009-10ರಲ್ಲಿ, ಗೋವೆಯಲ್ಲಿ ನಿರ್ಮಿತವಾದ 'ಮಾದೇಯಿ' ದೋಣಿಯಲ್ಲಿ ಏಕಾಂಗಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರಾದರು. ಅದೇ ದೋಣಿಯಲ್ಲಿ ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿದರು.

ಸಮುದ್ರದ ಉಷ್ಣತೆ, ಲವಣಾಂಶ ಮೊದಲಾದವನ್ನು ಅಳೆಯುತ್ತ ತಿಂಗಳುಗಟ್ಟಲೆ ಮಾನವರಹಿತವಾಗಿ ಸಾಗುವ ಒಂದು ಬಗೆಯ ಯಂತ್ರಕ್ಕೂ 'ಸ್ಲೋಕಮ್ ಗ್ಲೈಡರ್' ಎಂಬ ಹೆಸರಿದೆ. 2009ರಲ್ಲಿ ಈ ಬಗೆಯ ಗ್ಲೈಡರ್ ಒಂದು ಅಟ್ಲಾಂಟಿಕ್ ಸಾಗರವನ್ನು ದಾಟಿತು. ಚುಕ್ಕಾಣಿಗನಿಲ್ಲದೆಯೂ ದಾರಿ ತಪ್ಪದ ದೋಣಿಯಲ್ಲಿ ಜಗತ್ತನ್ನು ಸುತ್ತಿದ ನಾವಿಕರ ಹೆಸರು ಆ ಯಂತ್ರಕ್ಕೆ ಒಪ್ಪುವಂತಿದೆ.